ಒಂದನೆಯ ಇಯತ್ತೆಯ ಕವಿ: ಪಂಜೆ ಮಂಗೇಶರಾಯರು

ಕನ್ನಡ ಎಲ್ಲಿಂದ ಆರಂಭವಾಗುತ್ತದೆ ಎಂದು ಯಾರಾದರೂ ಕೇಳಿದರೆ, ಕಾಲೇಜಿನಲ್ಲಿ ಕನ್ನಡ ಬೋಧಿಸುವ ನನ್ನಂಥವರು ಹಲ್ಮಿಡಿಯ ಶಾಸನದ ಹೆಸರು ಹೇಳುತ್ತೇವೆ. ಬಳಿಕ ಕವಿರಾಜಮಾರ್ಗ, ಪಂಪ, ರನ್ನ ಎಂದು ಮುಂದುವರಿಯುತ್ತೇವೆ. ಭಾಷೆಯ ಚರಿತ್ರೆಗೆ ಈ ಉತ್ತರ ಸಲ್ಲುತ್ತದೆ. ಆದರೆ ಒಂದೊಂದು ಕೂಸಿನ ಪಾಲಿಗೂ ಕನ್ನಡದ ಅಕ್ಷರ ಹೊಸದಾಗಿಯೇ ಹುಟ್ಟಬೇಕಷ್ಟೆ. ಆ ಹುಟ್ಟು ನಡೆಯುವುದು ಊರ ಕನ್ನಡ ಶಾಲೆಯ ಒಂದನೆಯ ಇಯತ್ತೆಯಲ್ಲಿ, ಪಾಟಿ ಬಳಪಗಳ ನಡುವೆ. ಅಲ್ಲಿ ಕೂಸಿನ ಕೈಹಿಡಿದು ನಡೆಸಿದವರ ಹೆಸರುಗಳನ್ನು ಸಾಹಿತ್ಯ ಚರಿತ್ರೆಗಳು ಹೆಚ್ಚಾಗಿ ಬರೆದಿಟ್ಟಿಲ್ಲ. ಬರೆದಿಟ್ಟ ಕೆಲವು ಹೆಸರುಗಳಲ್ಲಿ ಮುಂದಾಗಿ ನಿಲ್ಲುವುದು ಪಂಜೆ ಮಂಗೇಶರಾಯರದು. ಆ ಹೆಸರನ್ನು ನಾನು ಇಪ್ಪತ್ತು ವರ್ಷಗಳಿಂದ ಪಾಠದಲ್ಲಿ ಹೇಳುತ್ತ ಬಂದಿದ್ದೇನೆ. ಅದರ ಅರ್ಥ ತಿಳಿದದ್ದು ಮಾತ್ರ ಇತ್ತೀಚೆಗೆ.

ಗುತ್ತಲ ನನ್ನ ತವರು. ಇಂದು ಹಾವೇರಿ ತಾಲೂಕಿನ ಒಂದು ಸಣ್ಣ ಪಟ್ಟಣವಾಗಿರುವ ಇದು ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಗುತ್ತವೊಳಲು ಎಂಬ ಹೆಸರಿನಿಂದ ಗುತ್ತ ಅರಸರ ರಾಜಧಾನಿಯಾಗಿ ಮೆರೆದ ಸ್ಥಳ. ಸಮೀಪದಲ್ಲಿಯೇ ತುಂಗಭದ್ರೆಯ ದಂಡೆಗೆ ಚೌಡದಾನಪುರವಿದೆ. ಅಲ್ಲಿಯ ಮುಕ್ತೇಶ್ವರ ದೇವಾಲಯದ ಶಾಸನಗಳ ಕನ್ನಡ ಕಾವ್ಯಕ್ಕೆ ಸರಿದೊರೆಯಾದುದು. ವರದೆಯು ತುಂಗಭದ್ರೆಯನ್ನು ಕೂಡುವೆಡೆಯ ಗಳಗನಾಥವೂ ನಮಗೆ ನೆರೆಯೂರೇ. ಊರ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು 1869ರಲ್ಲಿ ಹುಟ್ಟಿದ್ದು ಅಲ್ಲಿ. ಅವರೂ ಮೊದಲು ಶಾಲಾ ಮಾಸ್ತರರೇ ಆಗಿದ್ದು, ಬಳಿಕ ಆ ವೃತ್ತಿಯನ್ನು ಬಿಟ್ಟು ಗ್ರಂಥರಚನೆಗೆ ನಿಂತವರು. ಅವರಿಗಿಂತ ಐದು ವರ್ಷ ಕಿರಿಯರಾದ ಪಂಜೆಯವರು ಗ್ರಂಥರಚನೆಯನ್ನೂ ಮಾಡಿದರು, ಶಾಲೆಯನ್ನೂ ಬಿಡಲಿಲ್ಲ.

ಪಂಜೆಯವರು ನಮ್ಮ ಸೀಮೆಯವರಲ್ಲ. ನಮ್ಮದು ಅಂದಿನ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಜೋಳ ಹತ್ತಿಗಳ ಬಯಲು. ಅವರದು ಮದರಾಸು ಪ್ರಾಂತದ ದಕ್ಷಿಣ ಕನ್ನಡ, ತೆಂಗು ಕಡಲುಗಳ ನಾಡು. ನಡುವೆ ಸಹ್ಯಾದ್ರಿ ಅಡ್ಡವಾಗಿತ್ತು, ಎರಡು ಸರಕಾರಗಳ ಎರಡು ಬೇರೆ ವಿದ್ಯಾ ಇಲಾಖೆಗಳೂ ಅಡ್ಡವಾಗಿದ್ದವು. ಆದರೂ 1956ರಲ್ಲಿ ನಾಡು ಒಂದಾದ ಕೆಲವೇ ವರ್ಷಗಳಲ್ಲಿ ಗುತ್ತಲದ ಶಾಲೆಗೆ ಹೋಗಿ ಮೂರನೆಯ ಇಯತ್ತೆಗೇ ಓದು ನಿಲ್ಲಿಸಿದ ನನ್ನ ಅವ್ವನ ಬಾಯಲ್ಲಿ ಪಂಜೆಯವರ ನಾಗರಹಾವಿನ ಹಾಡು ಇಂದಿಗೂ ಒಂದಕ್ಷರ ತಪ್ಪದೆ ಇದೆ. ಹಾಡು ಬರೆದವರು ಯಾರೆಂಬುದು ಅವಳಿಗೆ ತಿಳಿಯದು. ಅವಳಿಗೆ ಅದು ಅಕ್ಕೋರು ಕಲಿಸಿದ ಹಾಡು, ಅಷ್ಟೆ.

ಈ ಲೇಖನಕ್ಕೆ ಕಾರಣವಾದ ಸಂಗತಿಯನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ನನಗೆ ತಡವಾಗಿ ಹುಟ್ಟಿದ ಮಗಳೊಬ್ಬಳಿದ್ದಾಳೆ. ನಾನು ಕೆಲಸದಲ್ಲಿರುವ ಊರಿನಲ್ಲಿ, ನಾಲ್ಕು ವರ್ಷದವಳಿದ್ದಾಗ, ಅವಳನ್ನು ಹೆಸರಾದ ಒಂದು ಇಂಗ್ಲಿಷ್ ಶಾಲೆಗೆ ಸೇರಿಸಿದೆವು. ಕನ್ನಡದಿಂದಲೇ ಅನ್ನ ಉಣ್ಣುವ ನಾನು ಹೀಗೆ ಮಾಡಿದ್ದೇಕೆಂದು ಕೇಳಿದರೆ, ಎಲ್ಲರೂ ಮಾಡುತ್ತಾರೆಂಬುದಲ್ಲದೆ ಬೇರೆ ಉತ್ತರವಿಲ್ಲ. ಮನೆಯಲ್ಲಿ ಬಾಯಿ ಮುಚ್ಚದ ಹುಡುಗಿ ಶಾಲೆಯಲ್ಲಿ ಬಾಯಿ ತೆರೆಯಲಿಲ್ಲ. ಆರು ತಿಂಗಳಾದರೂ ಒಂದು ಮಾತಿಲ್ಲ. ಮಗುವಿನ ಬುದ್ಧಿ ಮಂದವಿರಬಹುದು, ವೈದ್ಯರಿಗೆ ತೋರಿಸಿರೆಂದು ಒಂದು ಚೀಟಿ ಮನೆಗೆ ಬಂತು. ಆ ಬೇಸಗೆಯಲ್ಲಿ ಅವಳನ್ನು ಗುತ್ತಲಕ್ಕೆ ಕರೆದುಕೊಂಡು ಹೋದೆ. ಒಂದು ಸಂಜೆ ನೋಡುತ್ತೇನೆ, ಕಟ್ಟೆಯ ಮೇಲೆ ಅಜ್ಜಿ ಮೊಮ್ಮಗಳು ಎದುರುಬದುರಾಗಿ ಕುಳಿತಿದ್ದಾರೆ. ಅವ್ವ ಕೈಯನ್ನು ಹೆಡೆಯಂತೆ ಎತ್ತಿ ಆಡಿಸುತ್ತಿದ್ದಾಳೆ. ಮಗು ಎರಡು ಕೈ ಜೋಡಿಸಿ, ಕಣ್ಣರಳಿಸಿ, ಹಾವನ್ನು ಕೂಗಿ ಕೂಗಿ ಕರೆಯುತ್ತಿದೆ. ಓಣಿಯ ನಾಲ್ಕಾರು ಮಕ್ಕಳು ಸೇರಿದ್ದರೂ ಅವಳಿಗೆ ಅಂಜಿಕೆಯಿಲ್ಲ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಊರಿಗೆ ಮರಳಿದ ಮೇಲೆ, ಪರೀಕ್ಷೆಯ ಪ್ರಶ್ನೆಗಳಿಗಾಗಿ ಮಾತ್ರ ತೆರೆಯುತ್ತಿದ್ದ ಪಂಜೆಯವರ ಸಂಪುಟಗಳನ್ನು ಕಪಾಟಿನಿಂದ ತೆಗೆದು, ಈ ಮನುಷ್ಯ ಯಾರೆಂದು ಮೊದಲಿನಿಂದ ಓದತೊಡಗಿದೆ.

ಮಂಗೇಶರಾಯರು 1874ರ ಫೆಬ್ರುವರಿ 22ರಂದು ನೇತ್ರಾವತಿಯ ದಂಡೆಯ ಬಂಟವಾಳದಲ್ಲಿ ಹುಟ್ಟಿದರು. ಪೂರ್ವಜರು ಸುಬ್ರಹ್ಮಣ್ಯದ ಸಮೀಪದ ಪಂಜದವರಾದುದರಿಂದ ಆ ಊರ ಹೆಸರು ಮನೆತನಕ್ಕೆ ನಿಂತಿತು. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಮನೆಯ ಮಾತು ಕೊಂಕಣಿ. ಹೊಸ್ತಿಲು ದಾಟಿದರೆ ತುಳು. ಕನ್ನಡ ದೊರೆಯುವುದು ಶಾಲೆಯಲ್ಲಿ. ಅವರ ಬಾಳಿನ ಈ ಒಂದು ಸಂಗತಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಕನ್ನಡದ ಮಕ್ಕಳಿಗೆಲ್ಲ ನಾಲಗೆ ಕೊಟ್ಟ ಕವಿಗೆ ಕನ್ನಡವು ತೊಟ್ಟಿಲಿನ ನುಡಿಯಲ್ಲ, ಮೊದಲನೆಯ ತರಗತಿಯ ನುಡಿ. ಅರಿಯದ ನುಡಿಯೊಂದರ ಎದುರಿಗೆ ಎಳೆಯ ಮಗು ನಿಂತಾಗ ಅದರ ಮನಸ್ಸಿನಲ್ಲಿ ಏನಾಗುತ್ತದೆಂಬುದನ್ನು ಅವರು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

ಆ ಕಾಲದ ಎಳೆಯರ ಓದು ಹೇಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಊರೂರಿನ ಕೂಲಿಮಠಗಳಲ್ಲಿ ಐಗಳು ಮರಳ ಮೇಲೆ ಬೆರಳು ಒತ್ತಿ ತಿದ್ದಿಸುತ್ತಿದ್ದರು, ಓನಾಮ, ಕಾಗುಣಿತ, ಮಗ್ಗಿ, ಅಮರಕೋಶ ಎಲ್ಲವೂ ಬಾಯಿಪಾಠ, ತಪ್ಪಿದರೆ ಬೆತ್ತ. ಸರಕಾರಿ ಶಾಲೆಗಳು ಬಂದಮೇಲೆ ಅಚ್ಚಿನ ಪುಸ್ತಕಗಳು ಬಂದವು, ಹೆದರಿಕೆ ಹಾಗೆಯೇ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಪ್ರಾಂತದಲ್ಲಿ ಪರೀಕ್ಷೆಯ ಫಲವನ್ನು ನೋಡಿ ಶಾಲೆಗಳಿಗೆ ಸಹಾಯಧನ ಕೊಡುವ ಪದ್ಧತಿಯಿತ್ತು. ಮಗು ಒಪ್ಪಿಸಿದ ಪಾಠದ ಮೇಲೆ ಮಾಸ್ತರರ ಅನ್ನ ನಿಂತಿದ್ದರೆ, ಅಂಥ ಶಾಲೆಯಲ್ಲಿ ಆಟಕ್ಕೂ ನಗೆಗೂ ಎಡೆಯೆಲ್ಲಿ? ಮಕ್ಕಳ ಕೈಗೆ ಬರುತ್ತಿದ್ದ ಪದ್ಯಗಳಾದರೂ ದೊಡ್ಡವರ ನೀತಿಯ ಪದ್ಯಗಳು, ಹಳಗನ್ನಡದ ಬಿಗುವಿನವು. ಅರ್ಥವಾಗದ ಮಾತನ್ನು ಒಪ್ಪಿಸುವುದೇ ವಿದ್ಯೆಯೆಂದು ಮಗು ತಿಳಿದುಕೊಳ್ಳುತ್ತಿತ್ತು.

ಇಂಥ ಕಾಲದಲ್ಲಿ ಕಲಿತ ರಾಯರು ಮಂಗಳೂರಿನಲ್ಲಿ ಕಾಲೇಜು ಸೇರಿ, ಅಲ್ಲಿಯೇ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಮಂಜೇಶ್ವರದ ಗೋವಿಂದ ಪೈಗಳು ಅವರಿಂದ ಕನ್ನಡ ಕಲಿತವರು. ವಿದ್ವಾಂಸರೂ ಪತ್ರಿಕಾಕರ್ತರೂ ಆಗಿದ್ದ ಬೆನಗಲ್ ರಾಮರಾಯರ ತಂಗಿಯನ್ನು ಪಂಜೆಯವರು ವಿವಾಹವಾಗಿದ್ದರು. ಆ ಬಳಗದ ‘ಸುವಾಸಿನಿ’ ಪತ್ರಿಕೆಯಲ್ಲಿ 1900ರಲ್ಲಿ ಪ್ರಕಟವಾದ ‘ನನ್ನ ಚಿಕ್ಕತಾಯಿ’ಯನ್ನು ಹೊಸಗನ್ನಡದ ಸಣ್ಣಕತೆಯ ಮೊದಲ ಹೆಜ್ಜೆಗಳಲ್ಲಿ ಒಂದೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಮುಂದೆ ಅವರು ‘ಶಬ್ದಮಣಿದರ್ಪಣ’ವನ್ನು ಪರಿಷ್ಕರಿಸಿದರು; ತುಳುನಾಡಿನ ಪಾಡ್ದನದ ವೀರರಾದ ಕೋಟಿ ಚೆನ್ನಯರ ಕತೆಯನ್ನು ಕನ್ನಡಕ್ಕೆ ತಂದರು. ಕೇಶಿರಾಜನ ಸೂತ್ರಗಳನ್ನು ಬಲ್ಲ ಪಂಡಿತನಿಗೆ ಕಾಲೇಜಿನ ಪೀಠದಲ್ಲಿಯೇ ಬಾಳು ಸಾಗಿಸುವುದು ಕಷ್ಟವಾಗಿರಲಿಲ್ಲ. ಆದರೆ ರಾಯರು ಮದರಾಸಿನ ಸೈದಾಪೇಟೆಯ ಕಾಲೇಜಿನಲ್ಲಿ ಅಧ್ಯಾಪನ ಶಾಸ್ತ್ರವನ್ನು ಕಲಿತು, ವಿದ್ಯಾ ಇಲಾಖೆಯ ಶಾಲಾ ತನಿಖೆಯ ಕೆಲಸಕ್ಕೆ ಇಳಿದರು. ಇಳಿದರು ಎಂದು ಬರೆದೆ. ಲೋಕದ ಅಳತೆ ನನ್ನಲ್ಲಿಯೂ ಎಷ್ಟು ಬೇರೂರಿದೆ ನೋಡಿರಿ! ಅವರ ಲೆಕ್ಕದಲ್ಲಿ ಅದು ಏರುವ ಕೆಲಸವಾಗಿತ್ತು.

ಇನ್ಸ್‌ಪೆಕ್ಟರರು ಬರುತ್ತಾರೆಂದರೆ ಅಂದು ಶಾಲೆಗೆ ಶಾಲೆಯೇ ನಡುಗುತ್ತಿತ್ತು. ಗೋಡೆಗೆ ಸುಣ್ಣ, ನೆಲಕ್ಕೆ ಸೆಗಣಿ, ಮಕ್ಕಳಿಗೆ ಮುನ್ನಾದಿನವೇ ಎಚ್ಚರಿಕೆ. ಪಂಜೆಯವರು ಬಂದ ದಿನ ಹಾಗಿರುತ್ತಿರಲಿಲ್ಲವೆಂಬುದನ್ನು ಅವರನ್ನು ಬಲ್ಲವರ ನೆನಪುಗಳೆಲ್ಲ ಒಂದೇ ಸ್ವರದಲ್ಲಿ ಸಾರುತ್ತವೆ. ಅವರು ಮಕ್ಕಳ ನಡುವೆ ಬೆರೆತು ಕತೆ ಹೇಳುವರು, ಹಾಡುವರು, ಹಾಡಿಸುವರು. ಹೀಗೆ ಮಕ್ಕಳ ಎದುರಿಗೆ ನಿಂತಾಗಲೇ ಅವರಿಗೆ ಒಂದು ಕೊರತೆ ಕಣ್ಣಿಗೆ ಬಿದ್ದಿರಬೇಕು. ಹಾಡಿಸುವುದಕ್ಕೆ ಕನ್ನಡದಲ್ಲಿ ಮಕ್ಕಳ ಹಾಡುಗಳೆಲ್ಲಿವೆ? ಹಳ್ಳಿಯ ಶಿಶುಪ್ರಾಸಗಳು ಮನೆಯಂಗಳದಲ್ಲಿದ್ದವು, ಶಾಲೆಯೊಳಗೆ ಬಂದಿರಲಿಲ್ಲ. ಆ ಕೊರತೆಯನ್ನು ನೀಗಲು ರಾಯರು ತಾವೇ ಬರೆಯತೊಡಗಿದರು. ಮಂಗಳೂರಿನಲ್ಲಿ ಶಾಲೆಗಳಿಗಾಗಿ ಪದ್ಯಪುಸ್ತಕಗಳನ್ನು ಸಂಪಾದಿಸಿದರು. ಗೆಳೆಯರೊಡನೆ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳ ಕೈಗೆ ಪುಟ್ಟ ಪುಸ್ತಕಗಳನ್ನು ಇತ್ತರು. ಹೆಸರು ಮೆರೆಸುವ ಹಂಬಲವೂ ಇರಲಿಲ್ಲ. ಕವಿತೆಗಳಿಗೆ ಹಾಕಿಕೊಂಡ ಅಂಕಿತ ಕವಿಶಿಷ್ಯ.

ನಾಗರಹಾವಿನ ಹಾಡನ್ನು ಈಗ ಒಬ್ಬ ಅಧ್ಯಾಪಕಿಯಾಗಿ ಪರಿಶೀಲಿಸಿದಾಗ, ಅದರೊಳಗೆ ಅಡಗಿರುವ ಬೋಧನ ಕ್ರಮ ನನ್ನನ್ನು ಬೆರಗುಗೊಳಿಸುತ್ತದೆ. ಮಗು ಹಾವಿನೊಡನೆ ತಾನೇ ಮಾತಾಡುತ್ತದೆ: ಕರೆಯುತ್ತದೆ, ಕೈಮುಗಿಯುತ್ತದೆ, ಹಾಲು ಕೊಡುವೆನೆನ್ನುತ್ತದೆ, ತಲೆಯ ರತ್ನದ ಸುದ್ದಿ ನಿಜವೇ ಎಂದು ಕೇಳುತ್ತದೆ, ಕೊನೆಗೆ ಭಯವಾಗಿ ಹೊರಟುಹೋಗೆನ್ನುತ್ತದೆ. ಮಕ್ಕಳ ಮನಸ್ಸಿನ ಕುತೂಹಲ, ಭಕ್ತಿ, ಆಸೆ, ಅಂಜಿಕೆ ನಾಲ್ಕೂ ನಾಲ್ಕು ನುಡಿಗಳಲ್ಲಿ ಮುಗಿದುಹೋಗುತ್ತವೆ. ಪ್ರತಿಯೊಂದು ನುಡಿಯ ಕೊನೆಗೂ ಒಂದೇ ಅಕ್ಷರದ ಮಾತು, ಮತ್ತೆ ಮತ್ತೆ, ಡೋಲು ಬಡಿದ ಹಾಗೆ. ಆ ಅಕ್ಷರವನ್ನು ಮಗು ಪಾಟಿಯ ಮೇಲೆ ಇನ್ನೂ ಕಂಡಿಲ್ಲ. ಆದರೆ ಅದು ತುಟಿಯ ಮೇಲೆ ಹತ್ತು ಸಲ ಆಡಿಹೋಗಿದೆ, ಕೈಯ ಅಭಿನಯದಲ್ಲಿ ಸೇರಿದೆ. ನಾಳೆ ಅಕ್ಕೋರು ಅದನ್ನು ಹಲಗೆಯ ಮೇಲೆ ಬರೆದಾಗ ಮಗುವಿಗೆ ಹೊಸ ಅಕ್ಷರದ ಅಂಜಿಕೆಯಾಗುವುದಿಲ್ಲ. ಪರಿಚಯದ ಗೆಳೆಯನ ಮುಖ ನೋಡಿದಂತಾಗುತ್ತದೆ. ಬಾಯಿಂದ ಕೈಗೆ, ದನಿಯಿಂದ ಬರಹಕ್ಕೆ: ಇದು ಪಂಜೆಯವರ ದಾರಿ. ಕೂಲಿಮಠದ ದಾರಿ ಇದಕ್ಕೆ ನೇರ ವಿರುದ್ಧವಾದುದು. ಅಲ್ಲಿಯೂ ಮಗು ಬಾಯಿ ತೆರೆಯುತ್ತಿತ್ತು ನಿಜ. ಆದರೆ ತೆರೆದ ಬಾಯಿಂದ ಹೊರಟದ್ದು ಗುರುವಿನ ಮಾತು. ಇಲ್ಲಿ ಹೊರಡುವುದು ಮಗುವಿನ ಮಾತು.

ಕತೆಗಳಲ್ಲಿಯೂ ಇದೇ ಜಾಣ್ಮೆ. ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬುದು ಸರಪಳಿಯ ಕತೆ. ಒಂದಕ್ಕೆ ಕಾರಣ ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಕೊಂಡಿ ಕೂಡುತ್ತ ಹೋಗುತ್ತದೆ. ಕೇಳುವ ಮಗು ಮುಂದಿನ ಪ್ರಶ್ನೆಯನ್ನು ತಾನೇ ಕೇಳಿಬಿಡುತ್ತದೆ. ಯಾಕೆ ಎಂಬ ಪ್ರಶ್ನೆ ಮಗುವಿನದೇ ಆದಾಗ ಕಾರ್ಯಕಾರಣದ ವಿಚಾರ ಅದರ ತಲೆಯಲ್ಲಿ ಬೇರೂರುತ್ತದೆ. ಹಿಂದಿನ ಕೊಂಡಿಗಳನ್ನು ಮರೆಯದೆ ಹೇಳಬೇಕಾದಾಗ ನೆನಪು ಬಲಿಯುತ್ತದೆ. ಈ ಕತೆಯನ್ನು ನಾನು ಗುತ್ತಲದಲ್ಲಿ ಒಂದನೆಯ ಇಯತ್ತೆಯಲ್ಲಿ ಕೇಳಿದೆ. ಸಿಗಡಿ ಎಂದರೆ ಏನೆಂದು ನಮ್ಮ ಬಯಲುಸೀಮೆಯ ಮಕ್ಕಳಿಗೆ ತಿಳಿಯದು; ನಮ್ಮ ಮಾಸ್ತರರೂ ಅದನ್ನು ಕಂಡವರಲ್ಲ. ಕಡಲಿನ ಒಂದು ಮೀನಿನಂಥದು, ಬಿಸಿಲಿಗೆ ಹರವಿ ಒಣಗಿಸುತ್ತಾರೆ, ನಾವು ಬ್ಯಾಡಗಿ ಮೆಣಸಿನಕಾಯಿ ಕಣದಲ್ಲಿ ಹರವುವ ಹಾಗೆ ಎಂದು ಅವರು ವಿವರಿಸಿದರು. ಕೂಡಲೇ ನಮಗೆ ಎಲ್ಲವೂ ಅರ್ಥವಾಯಿತು. ಕಾಣದ ಕಡಲನ್ನು ಕಂಡ ಕಣದಿಂದ ತೋರಿಸಿದ ಆ ಮಾಸ್ತರರು ಪಂಜೆಯವರ ಹೆಸರು ಹೇಳದೆ ಪಂಜೆಯವರ ಕೆಲಸವನ್ನೇ ಮಾಡಿದರೆಂದು ಈಗ ಅನ್ನಿಸುತ್ತದೆ. ‘ತೆಂಕಣ ಗಾಳಿಯಾಟ’ವೂ ಹಾಗೆಯೇ. ಅವರ ಗಾಳಿ ಕಡಲ ಕಡೆಯಿಂದ ಬಂದದ್ದು. ನಮಗೆ ಅದು ಮುಂಗಾರಿನಲ್ಲಿ ತುಂಗಭದ್ರೆಯ ಬಯಲಿನ ಮೇಲೆ ಬೀಸುವ ಗಾಳಿಯಾಯಿತು. ಸದ್ದಿನ ಮಾತುಗಳಿಗೆ ಅರ್ಥ ಹೇಳಬೇಕಾಗಿರಲಿಲ್ಲ.

ಇದೇ ದಶಕಗಳಲ್ಲಿ ಲೋಕದ ಬೇರೆ ಕಡೆಗಳಲ್ಲಿಯೂ ಎಳೆಯರ ಶಾಲೆಯ ಬಗೆಗೆ ದೊಡ್ಡ ವಿಚಾರಗಳು ನಡೆದಿದ್ದವು. ಜರ್ಮನಿಯ ಫ್ರೋಬೆಲ್ 1837ರಲ್ಲಿಯೇ ಆಟದ ಶಾಲೆಗೆ ಅಡಿಗಲ್ಲಿಟ್ಟಿದ್ದ. 1907ರಲ್ಲಿ ಮರಿಯಾ ಮಾಂಟೆಸೊರಿ ರೋಮಿನ ಬಡವರ ಕೇರಿಯಲ್ಲಿ ಮಕ್ಕಳ ಮನೆಯನ್ನು ತೆರೆದಳು. 1920ರಲ್ಲಿ ಗಿಜುಭಾಯಿ ಬಧೇಕಾ ಅವರು ಭಾವನಗರದಲ್ಲಿ ಬಾಲಮಂದಿರವನ್ನು ನಡೆಸಲಾರಂಭಿಸಿದರು. ಮಾಂಟೆಸೊರಿ ಭಾರತಕ್ಕೆ ಬಂದದ್ದು 1939ರಲ್ಲಿ. ಅಷ್ಟರೊಳಗೆ ಪಂಜೆಯವರು ತೀರಿಕೊಂಡು ಎರಡು ವರ್ಷಗಳಾಗಿದ್ದವು. ಅವರು ಹೊಸ ಶಾಲೆಯನ್ನು ಕಟ್ಟಲಿಲ್ಲ, ಬೋಧನೋಪಕರಣಗಳನ್ನು ಮಾಡಿಸಲಿಲ್ಲ, ಸಿದ್ಧಾಂತ ಗ್ರಂಥವನ್ನು ಬರೆಯಲಿಲ್ಲ. ಹಳ್ಳಿಯ ಬಡ ಶಾಲೆಗೆ ಕಾಸಿಲ್ಲದೆ ಒಯ್ಯಬಹುದಾದ ಒಂದೇ ಉಪಕರಣವನ್ನು ಕೊಟ್ಟರು: ಹಾಡು. ಮಾಸ್ತರರಿಗೆ ಕಂಠವಿದ್ದರೆ ಸಾಕಿತ್ತು, ಕಂಠವಿಲ್ಲದಿದ್ದರೂ ನಡೆಯುತ್ತಿತ್ತು.

1920ರ ದಶಕದಲ್ಲಿ ರಾಯರು ಕೊಡಗಿನಲ್ಲಿ ಸೇವೆ ಸಲ್ಲಿಸಿದರು. ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು. ಅಲ್ಲಿಯೂ ಅವರು ಹೊರಗಿನವರೇ. ಆದರೆ ಕೊಡಗರ ಸುಗ್ಗಿಯ ಹಬ್ಬವನ್ನು ಕುರಿತು ಅವರು ಬರೆದ ‘ಹುತ್ತರಿಯ ಹಾಡು’ ಆ ನಾಡಿನವರ ನಾಡಗೀತೆಯಂತಾಯಿತು. ಕೊಂಕಣಿಯ ಮನೆಯಲ್ಲಿ ಹುಟ್ಟಿ, ತುಳುವಿನಲ್ಲಿ ಆಡಿ, ಕನ್ನಡದಲ್ಲಿ ಕಲಿತು, ಕೊಡವರ ಹಬ್ಬವನ್ನು ಹಾಡಿದವರು ಅವರು. ಪರರ ಅಂಗಳಕ್ಕೆ ಕಾಲಿಟ್ಟಾಗ ಅಲ್ಲಿಯ ಹಬ್ಬಕ್ಕೆ ಮೊದಲು ದನಿಗೂಡಿಸಬೇಕೆಂಬುದು ಅವರಿಗೆ ಸಹಜವಾಗಿ ಗೊತ್ತಿತ್ತು. ಮಗುವಿನ ಅಂಗಳಕ್ಕೂ ಅವರು ಹೀಗೆಯೇ ಹೋದರು.

1934ರಲ್ಲಿ ರಾಯಚೂರಿನಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಮಹಾಕಾವ್ಯವನ್ನಾಗಲಿ ದೊಡ್ಡ ಕಾದಂಬರಿಯನ್ನಾಗಲಿ ಬರೆಯದ, ಶಾಲೆಗಳ ದಾರಿಯನ್ನು ಸವೆಸಿದ ಒಬ್ಬ ಉಪಾಧ್ಯಾಯನಿಗೆ ಕನ್ನಡಿಗರು ಆ ಪೀಠವನ್ನು ಕೊಟ್ಟದ್ದು ನಾಡಿನ ವಿವೇಕಕ್ಕೆ ಸಾಕ್ಷಿ. ಮೂರು ವರ್ಷಗಳ ಬಳಿಕ, 1937ರ ಅಕ್ಟೋಬರಿನಲ್ಲಿ, ಅವರು ಹೈದರಾಬಾದಿನಲ್ಲಿ ತೀರಿಕೊಂಡರು. ಆಗ ಅವರಿಗೆ ಅರವತ್ತಮೂರು ವರ್ಷ. 2024ಕ್ಕೆ ಅವರು ಹುಟ್ಟಿ ನೂರೈವತ್ತು ವರ್ಷಗಳು ತುಂಬಿದವು.

ರಾಯರ ಬಾಳನ್ನು ಓದಿ ಮುಗಿಸಿದಾಗ, ನನ್ನ ಮಗಳ ವಿಷಯದಲ್ಲಿ ನಾನು ಮಾಡಿಕೊಂಡಿದ್ದ ಒಂದು ಸುಲಭದ ತೀರ್ಮಾನ ನಿಲ್ಲಲಿಲ್ಲ. ತಪ್ಪೆಲ್ಲ ಇಂಗ್ಲಿಷಿನದೆಂದು ಹೇಳಿ ಕೈತೊಳೆದುಕೊಳ್ಳುವ ಮನಸ್ಸು ನನಗಿತ್ತು. ಆದರೆ ಬಂಟವಾಳದ ಆ ಹುಡುಗನಿಗೆ ಕನ್ನಡವೂ ಮನೆಯ ಮಾತಾಗಿರಲಿಲ್ಲವಲ್ಲ! ಇಂದು ಗುತ್ತಲದ ಕನ್ನಡ ಶಾಲೆಗೆ ಬರುವ ಮಕ್ಕಳಲ್ಲಿಯೂ ಮನೆಯಲ್ಲಿ ಉರ್ದು ಆಡುವವರಿದ್ದಾರೆ, ಲಂಬಾಣಿ ಆಡುವವರಿದ್ದಾರೆ. ಮನೆಯ ನುಡಿಯಲ್ಲಿ ಕಲಿಯುವ ಮಗುವಿನ ದಾರಿ ಸುಗಮವೆಂಬುದರಲ್ಲಿ ಸಂದೇಹವಿಲ್ಲ. ನನ್ನ ಮಗಳಿಂದ ಆ ಸೌಖ್ಯವನ್ನು ಕಿತ್ತುಕೊಂಡವಳು ನಾನೇ. ಆದರೆ ಮನೆಯ ನುಡಿಯಲ್ಲಿಯೂ ಮಗುವನ್ನು ಮೂಕವಾಗಿಸಬಹುದು. ಕೂಲಿಮಠದ ಬೆತ್ತ ಅದನ್ನು ಮಾಡಿತ್ತು. ಪರನುಡಿಯನ್ನೂ ಪ್ರೀತಿಯಿಂದ ನಾಲಗೆಗೆ ತರಬಹುದು. ಪಂಜೆಯವರು ತುಳುವ ಮಕ್ಕಳಿಗೆ ಅದನ್ನು ಮಾಡಿ ತೋರಿಸಿದರು. ಎಳೆಯರ ಶಾಲೆ ಮೊದಲು ಕೇಳಬೇಕಾದ ಪ್ರಶ್ನೆ ಮಗು ಎಷ್ಟು ಅಕ್ಷರ ಕಲಿಯಿತೆಂಬುದಲ್ಲ. ತನ್ನ ದನಿಯನ್ನು ಹೊಸ್ತಿಲಿನೊಳಗೆ ತಂದಿತೇ ಎಂಬುದು.

ನಮ್ಮ ಶಾಲೆಗಳು ಈ ಮಾತನ್ನು ಪೂರ್ತಿ ಮರೆತಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿ, 2009ರ ಬಳಿಕ ನಾಡಿನ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹರಡಿತು. ಹಾಡು, ಕತೆ, ಆಟಗಳನ್ನು ಕಲಿಕೆಯ ಮೆಟ್ಟಿಲುಗಳಾಗಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿಯ ಹಂತವೆಂದು ಎಣಿಸಿತು. ಪದ್ಧತಿಗಳು ಬರುತ್ತವೆ, ಹೋಗುತ್ತವೆ. ಮಗುವಿನ ಎದುರಿಗೆ ಹೆಡೆಯಂತೆ ಕೈಯೆತ್ತಿ ಹಾಡಲು ನಾಚದ ಒಬ್ಬ ಮಾಸ್ತರರು, ಒಬ್ಬ ಅಕ್ಕೋರು ಇಲ್ಲದಿದ್ದರೆ ಅವುಗಳಿಂದ ಆಗುವುದು ಅಲ್ಪ.

ಕಳೆದ ಜೂನಿನಲ್ಲಿ ನಾವು ಮಗಳ ಶಾಲೆಯನ್ನು ಬದಲಿಸಿದೆವು. ಮನೆಯಿಂದ ನಡೆದು ಹೋಗುವಷ್ಟು ಸಮೀಪದ ಸರಕಾರಿ ಕನ್ನಡ ಶಾಲೆ. ಬಂಧುಗಳು ನಕ್ಕರು, ಮುಂದೆ ಮಗು ನಮ್ಮನ್ನು ದೂರುತ್ತದೆಂದು ಎಚ್ಚರಿಸಿದರು. ಅವರ ಮಾತು ನಿಜವಾದರೂ ಆಗಬಹುದು. ಮೊದಲ ಎರಡು ತಿಂಗಳು ಅವಳು ಅಲ್ಲಿಯೂ ಮಾತಾಡಲಿಲ್ಲ. ಒಂದು ಸಲ ಹೆದರಿದ ದನಿ ಬೇಗ ಹೊರಗೆ ಬರುವುದಿಲ್ಲ. ಆದರೆ ಹಾಡಿನ ಹೊತ್ತಿಗೆ ಮಾತ್ರ ಮಿಕ್ಕ ಮಕ್ಕಳ ಹಿಂದೆ ನಿಂತು ತುಟಿ ಅಲುಗಿಸುತ್ತಾಳೆಂದು ಅಕ್ಕೋರು ಹೇಳಿ ಕಳಿಸಿದರು. ಅವಸರ ಮಾಡಬೇಡಿರೆಂದೂ ಹೇಳಿಸಿದರು. ಆ ಅಕ್ಕೋರಿಗೆ ನಾನು ಮನಸ್ಸಿನಲ್ಲಿಯೇ ಕೈಮುಗಿದೆ. ಪಂಜೆಯವರ ಹೆಸರಿನಲ್ಲಿ ಸಭೆ ಸಮಾರಂಭಗಳು ನಡೆಯುವುದು ಒಳ್ಳೆಯದೇ. ಆದರೆ ಅವರ ನಿಜವಾದ ಸ್ಮಾರಕ ನಿಂತಿರುವುದು ಇಂಥ ಒಂದನೆಯ ಇಯತ್ತೆಗಳಲ್ಲಿ. ಅದನ್ನು ಕಾಯುವ ಹೊಣೆ ನಮ್ಮೆಲ್ಲರದು.